ನೆಟ್ ಎಲ್ಲಿ ನಿಂತಿತು? ಪಿಂಗ್‌ನಿಂದ ಹೂಈಸ್‌ವರೆಗೆ ಹಂತಹಂತವಾಗಿ

ಶಿರಸಿ ಸೀಮೆಯಲ್ಲಿ ಅಬ್ಬಿ ನೀರು, ಅಂದರೆ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ನೀರು ನಿಂತರೆ ಯಾರೂ ಮನೆಯಲ್ಲಿ ಕೂತು ನಲ್ಲಿ ತಿರುಗಿಸುತ್ತ ಇರುವುದಿಲ್ಲ. ಕೈಯಲ್ಲೊಂದು ಕತ್ತಿ ಹಿಡಿದು ಪೈಪಿನ ಗುಂಟ ಗುಡ್ಡ ಹತ್ತುತ್ತಾರೆ. ಕೊಟ್ಟಿಗೆ ಹಿಂದಿನ ಜಾಯಿಂಟ್ ಬಿಚ್ಚಿದರೆ ಒಣ. ತೋಟದಂಚಿನದೂ ಒಣ. ಇನ್ನೂ ಮೇಲೆ, ಬೆಟ್ಟದ ತಿರುವಿನಲ್ಲಿ ಬಿಚ್ಚಿದಾಗ ನೀರು ಚಿಮ್ಮುತ್ತದೆ. ಕೆಟ್ಟದ್ದು ಈ ಎರಡು ಜಾಯಿಂಟುಗಳ ನಡುವೆ ಎಂದು ಅಲ್ಲಿಗೆ ಗೊತ್ತಾಯಿತು. ಕಾಡುಹಂದಿ ಎಳೆದಿದೆಯೋ ಮರ ಬಿದ್ದಿದೆಯೋ, ಅಷ್ಟು ದೂರವನ್ನು ಮಾತ್ರ ನೋಡಿದರೆ ಸಾಕು.

ನೆಟ್ ನಿಂತಾಗ ಮಾತ್ರ ನಾವು ಹೀಗೆ ಮಾಡುವುದಿಲ್ಲ. ಮೋಡೆಮ್ ಆಫ್ ಮಾಡಿ ಆನ್ ಮಾಡುತ್ತೇವೆ, ಕಸ್ಟಮರ್ ಕೇರಿಗೆ ಫೋನ್ ಹಚ್ಚುತ್ತೇವೆ, ಅವರು ಮತ್ತೊಮ್ಮೆ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಆದರೆ ನೆಟ್ಟಿನ ದಾರಿಯನ್ನೂ ಜಾಯಿಂಟ್ ಜಾಯಿಂಟಾಗಿ ಪರೀಕ್ಷಿಸಬಹುದು. ಗುಡ್ಡ ಹತ್ತುವುದೂ ಬೇಡ, ಕಂಪ್ಯೂಟರಿನ ಮುಂದೆ ಕೂತೇ ಆಗುವ ಕೆಲಸ. ಅದಕ್ಕೆ ಬೇಕಾದ ಹೆಚ್ಚಿನ ಉಪಕರಣಗಳು ಪ್ರತಿ ವಿಂಡೋಸ್ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇವೆ. ಅವುಗಳಿಗೆ ಕಾಸು ಕೊಡಬೇಕಿಲ್ಲ.

ನಾನು ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವನು. ಮಳೆಗಾಲದಲ್ಲಿ ನೆಟ್ ಹೋದರೆ ಅಂದಿನ ಸಂಬಳವೂ ಹೋದಂತೆ. ಅನಿವಾರ್ಯವಾಗಿ ಕಲಿತದ್ದನ್ನು ಕುಮಟಾದ ಭಾವನಿಗೆ, ಅಂಕೋಲೆಯ ಅಂಗಡಿಯವರಿಗೆ ಫೋನಿನಲ್ಲಿ ಹೇಳಿ ಹೇಳಿ ರೂಢಿಯಾಗಿದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಆಜ್ಞೆಯ (ಕಮಾಂಡಿನ) ಹೆಸರನ್ನು ಕನ್ನಡದಲ್ಲಿ ಕೊಟ್ಟು, ಇಂಗ್ಲಿಷ್ ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳುವಂತೆ ಬಿಡಿಸುತ್ತೇನೆ. ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಎಲ್ಲಕ್ಕಿಂತ ಮೊದಲು ಮೋಡೆಮ್ ಮುಖ ನೋಡಿ

ಫೈಬರ್ ಸಂಪರ್ಕವಿದ್ದರೆ ಮೋಡೆಮ್ ಮೇಲೆ ‘ಎಲ್-ಓ-ಎಸ್’ ಎಂದು ಬರೆದ ದೀಪವೊಂದಿರುತ್ತದೆ. ಅದು ಕೆಂಪಾಗಿ ಮಿಣುಕುತ್ತಿದ್ದರೆ ನಿಮ್ಮ ಮನೆಗೆ ಬೆಳಕೇ ತಲುಪುತ್ತಿಲ್ಲ. ಬೆಳಕು ಹೊತ್ತು ತರುವ ಗಾಜಿನ ಎಳೆ ಎಲ್ಲೋ ತುಂಡಾಗಿದೆ, ಇಲ್ಲವೇ ಕನೆಕ್ಟರ್ ಕಳಚಿದೆ. ಆಗ ಮುಂದಿನ ಯಾವ ಹಂತವೂ ಬೇಡ, ನೇರವಾಗಿ ದೂರು ಕೊಡಿ. ‘ಪಿ-ಓ-ಎನ್’ ದೀಪ ಸ್ಥಿರವಾಗಿ ಹಸಿರು ಇದ್ದೂ ನೆಟ್ ಬರುತ್ತಿಲ್ಲ ಅಥವಾ ಬಂದು ಬಂದು ಹೋಗುತ್ತಿದೆ ಎಂದಾದರೆ ಮುಂದಕ್ಕೆ ಓದಿ.

ಇನ್ನೊಂದು ಮಾತು. ಕರೆಂಟ್ ಹೋಗಿ ನಾಲ್ಕೈದು ತಾಸಾಗಿದ್ದರೆ ನಿಮ್ಮ ಮನೆಯ ಇನ್ವರ್ಟರ್ ನಡೆಯುತ್ತಿದ್ದರೂ ದಾರಿಯಲ್ಲಿರುವ ಕಂಪನಿಯ ಪೆಟ್ಟಿಗೆಯ ಬ್ಯಾಟರಿ ಸತ್ತಿರಬಹುದು. ಆಷಾಢದಲ್ಲಿ ಇದು ಮಾಮೂಲಿ. ಪಕ್ಕದ ಮನೆಯವರಿಗೊಂದು ಫೋನ್ ಮಾಡಿದರೆ ಅರ್ಧ ತನಿಖೆ ಮುಗಿಯುತ್ತದೆ.

ಹಂತ 1: ನಿಮ್ಮ ವಿಳಾಸ ಯಾವುದು?

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಒತ್ತಿ ‘ಸಿ-ಎಂ-ಡಿ’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಪರದೆ ತೆರೆಯುತ್ತದೆ. ಹೆದರುವ ಕಾರಣವಿಲ್ಲ, ಇಲ್ಲಿ ಹೇಳುವ ಯಾವ ಆಜ್ಞೆಯೂ ಕಂಪ್ಯೂಟರನ್ನು ಕೆಡಿಸುವುದಿಲ್ಲ. ಈಗ ಐಪಿಕಾನ್ಫಿಗ್, ಅಂದರೆ ಐ-ಪಿ-ಸಿ-ಓ-ಎನ್-ಎಫ್-ಐ-ಜಿ ಎಂದು ಹೊಡೆದು ಎಂಟರ್ ಒತ್ತಿ.

ಬರುವ ಸಾಲುಗಳಲ್ಲಿ ಎರಡನ್ನು ಕಾಗದದ ಮೇಲೆ ಬರೆದುಕೊಳ್ಳಿ: ‘ಐಪಿವಿ4 ಅಡ್ರೆಸ್’ ಮತ್ತು ‘ಡಿಫಾಲ್ಟ್ ಗೇಟ್‌ವೇ’. ಮೊದಲನೆಯದು ನಿಮ್ಮ ಕಂಪ್ಯೂಟರಿನ ವಿಳಾಸ. ಎರಡನೆಯದು ಮನೆಯ ಹೆಬ್ಬಾಗಿಲು, ಅಂದರೆ ಮೋಡೆಮ್. ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಇರುತ್ತದೆ.

ಈ ವಿಳಾಸ ನಾಲ್ಕು ಅಂಕಿಗಳದ್ದು, ಪ್ರತಿಯೊಂದೂ 0ಯಿಂದ 255ರೊಳಗೆ. ಒಟ್ಟು ಲೆಕ್ಕ ಹಾಕಿದರೆ ಸುಮಾರು 430 ಕೋಟಿ ವಿಳಾಸಗಳು. ಜಗತ್ತಿನ ಫೋನುಗಳಿಗೇ ಅದು ಸಾಲದು. 2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳೂ ಹಂಚಿಹೋದವು. ಅದಕ್ಕೇ ಮನೆಯೊಳಗೆ ಮಾತ್ರ ಚಲಾವಣೆಯಲ್ಲಿರುವ ಖಾಸಗಿ ವಿಳಾಸಗಳಿವೆ. 192.168ರಿಂದ ಶುರುವಾಗುವವು, 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು ಇಂಥವು. ನಿಮ್ಮ ಮನೆಯಲ್ಲೂ 192.168.1.5 ಇರಬಹುದು, ಕಾರವಾರದ ಇನ್ನೊಂದು ಮನೆಯಲ್ಲೂ ಅದೇ ಇರಬಹುದು. ಪ್ರತಿ ಊರಿನಲ್ಲೂ ಒಂದು ‘ಮೇಲಿನಕೇರಿ’ ಇದ್ದಂತೆ.

ನಿಮ್ಮ ವಿಳಾಸ 169.254ರಿಂದ ಶುರುವಾಗಿದ್ದರೆ ಕಂಪ್ಯೂಟರಿಗೆ ಮೋಡೆಮ್ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ. ಅದು ಕೇಳಿ ಕೇಳಿ ಸಾಕಾಗಿ ತಾನೇ ಒಂದನ್ನು ಇಟ್ಟುಕೊಂಡಿದೆ. ತಪ್ಪು ಮನೆಯೊಳಗೇ ಇದೆ. ಇಂಥ ಹೊತ್ತಿನಲ್ಲಿ ಮಾತ್ರ ಮೋಡೆಮ್ ಆಫ್ ಮಾಡಿ ಆನ್ ಮಾಡುವುದು ನಿಜವಾದ ಮದ್ದು.

ಹಂತ 2: ಪಿಂಗ್, ಮೂರು ಸಲ

ಪಿಂಗ್ ಬರೆದವರು ಅಮೆರಿಕದ ಮೈಕ್ ಮೂಸ್, 1983ರ ಡಿಸೆಂಬರಿನಲ್ಲಿ. ಸೋನಾರ್ ಯಂತ್ರ ನೀರಿನೊಳಗೆ ಸದ್ದು ಬಿಟ್ಟು, ಅದು ಬಡಿದು ಮರಳುವ ಹೊತ್ತು ಅಳೆಯುತ್ತದಲ್ಲ, ಆ ಸದ್ದಿನ ಹೆಸರನ್ನೇ ಅವರು ಇಟ್ಟರು. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ನಮ್ಮ ಜಿಲ್ಲೆಯವರಿಗೆ ಸೋನಾರ್ ಬಿಡಿಸಿ ಹೇಳಬೇಕಾದ್ದಿಲ್ಲ. ಆ ಬದಿಯ ಯಂತ್ರಕ್ಕೆ ಪುಟ್ಟ ಕೂಗು ಹಾಕುವುದು, ಓಗೊಡಲು ಎಷ್ಟು ಹೊತ್ತು ಹಿಡಿಯಿತು ನೋಡುವುದು, ಇಷ್ಟೇ ಕೆಲಸ.

ಈ ಕೂಗನ್ನು ಹತ್ತಿರದಿಂದ ದೂರಕ್ಕೆ, ಇದೇ ಅನುಕ್ರಮದಲ್ಲಿ ಹಾಕಿ. ಅನುಕ್ರಮ ತಪ್ಪಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲು ಮೋಡೆಮ್. ‘ಪಿ-ಐ-ಎನ್-ಜಿ’ ಎಂದು ಹೊಡೆದು ಒಂದು ಜಾಗ ಬಿಟ್ಟು 192.168.1.1, ಅಂದರೆ ನೀವು ಬರೆದುಕೊಂಡ ಗೇಟ್‌ವೇ ಅಂಕಿ. ವಿಂಡೋಸ್ 32 ಬೈಟ್‌ಗಳ ನಾಲ್ಕು ಪೊಟ್ಟಣ (ಪ್ಯಾಕೆಟ್) ಕಳಿಸಿ ನಾಲ್ಕು ಉತ್ತರ ತೋರಿಸುತ್ತದೆ. ‘ಟೈಮ್’ ಎಂದಿರುವುದು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ವೈಫೈಯಲ್ಲಿ ಇದು ಒಂದರಿಂದ ಹತ್ತರೊಳಗೆ ಇದ್ದರೆ ಸರಿ. ಇಲ್ಲೇ 80, 200, ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದೆಲ್ಲ ಬರುತ್ತಿದ್ದರೆ ಕಂಪನಿಯನ್ನು ಬಯ್ಯಬೇಡಿ. ಕರಾವಳಿಯ ಹಳೆ ಮನೆಗಳ ಚಿರೆಕಲ್ಲಿನ ದಪ್ಪ ಗೋಡೆ ವೈಫೈಯನ್ನು ಚೆನ್ನಾಗಿ ನುಂಗುತ್ತದೆ. ಭಾವನ ಮನೆಯಲ್ಲಿ ಮೋಡೆಮ್ ಜಗಲಿಯಲ್ಲಿತ್ತು, ಕಂಪ್ಯೂಟರ್ ಎರಡು ಗೋಡೆ ಆಚೆ ಒಳಗಿನ ಕೋಣೆಯಲ್ಲಿ.

“ಮಾರಾಯ, ತಿಂಗಳಿಂದ ಕಂಪನಿಯವರ ಜೊತೆ ಜಗಳ ಮಾಡ್ತಾ ಇದ್ದೆ. ತಪ್ಪು ಗೋಡೇದಾ?” ಎಂದ ಭಾವ.

“ಒಂದ್ಸಲ ಮೋಡೆಮ್ ಪಕ್ಕ ಕೂತು ಪಿಂಗ್ ಮಾಡಿ ನೋಡಿ ಭಾವ” ಅಂದೆ. ಅಲ್ಲಿ 2 ಮಿಲಿಸೆಕೆಂಡು, ಒಳಕೋಣೆಯಲ್ಲಿ 140. ಒಂದು ಕೇಬಲ್ ಎಳೆದ ಮೇಲೆ ಜಗಳ ಮುಗಿಯಿತು.

ಎರಡನೆಯದು ಹೊರಗಿನ ವಿಳಾಸ. 8.8.8.8ಕ್ಕೆ ಪಿಂಗ್ ಮಾಡಿ. ಇದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್, ಅಂದರೆ ತಾಣದ ಹೆಸರು ಕೊಟ್ಟರೆ ಅಂಕಿಯ ವಿಳಾಸ ಹುಡುಕಿಕೊಡುವ ಯಂತ್ರ. ನೆನಪಿಡಲು ಸುಲಭ. ಕ್ಲೌಡ್‌ಫ್ಲೇರ್ ಕಂಪನಿ 2018ರಲ್ಲಿ ಶುರುಮಾಡಿದ ಇಂಥದೇ ಸರ್ವರ್ 1.1.1.1 ಕೂಡ ಆಗುತ್ತದೆ. ಮೋಡೆಮ್ ಉತ್ತರಿಸಿ ಇವೆರಡೂ ಉತ್ತರಿಸದಿದ್ದರೆ ಕೆಟ್ಟದ್ದು ಮೋಡೆಮ್ ಆಚೆ.

ಮೂರನೆಯದು ಹೆಸರು. ಗೂಗಲ್ ಡಾಟ್ ಕಾಮ್‌ಗೆ ಪಿಂಗ್ ಮಾಡಿ. 8.8.8.8 ಉತ್ತರಿಸುತ್ತದೆ, ಆದರೆ ಹೆಸರು ಕೊಟ್ಟರೆ ‘ಹೋಸ್ಟ್ ಸಿಗಲಿಲ್ಲ’ ಎನ್ನುತ್ತದೆ ಎಂದಾದರೆ ದಾರಿ ಸರಿಯಿದೆ, ವಿಳಾಸದ ಪುಸ್ತಕ ಕೈಕೊಟ್ಟಿದೆ. ಅದು ಮುಂದಿನ ಹಂತದ ವಿಷಯ. ಹೆಸರು ಕೊಟ್ಟಾಗ ಅಂಕಿಯ ಬದಲು ಅಕ್ಷರ, ಅಂಕಿ, ಎರಡು ಚುಕ್ಕಿಗಳ ಉದ್ದನೆಯ ಸಾಲು ಬಂದರೆ ಗಾಬರಿಯಾಗಬೇಡಿ, ಅದು ಹೊಸ ಕಾಲದ ಐಪಿವಿ6 ವಿಳಾಸ. ಹಳೆ ಮಾದರಿಯೇ ಬೇಕೆಂದರೆ ಪಿಂಗ್ ಆದ ಮೇಲೆ ಜಾಗ ಬಿಟ್ಟು ಅಡ್ಡಗೆರೆ (ಹೈಫನ್) 4 ಸೇರಿಸಿ.

ನಾಲ್ಕೇ ಕೂಗಿನಿಂದ ತೀರ್ಮಾನಕ್ಕೆ ಬರುವುದು ಅವಸರವಾಗುತ್ತದೆ. ಬಂದು ಹೋಗುವ ತೊಂದರೆಗೆ ಅಡ್ಡಗೆರೆ ‘ಎನ್’, ಜಾಗ, 100 ಎಂದು ಸೇರಿಸಿ ನೂರು ಕಳಿಸಿ. ನಿಲ್ಲದೆ ನಡೆಯಬೇಕೆಂದರೆ ಅಡ್ಡಗೆರೆ ‘ಟಿ’. ನಿಲ್ಲಿಸಲು ಕಂಟ್ರೋಲ್ ಮತ್ತು ‘ಸಿ’ ಒಟ್ಟಿಗೆ ಒತ್ತಿ. ಲಿನಕ್ಸ್, ಮ್ಯಾಕ್‌ನಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಅಲ್ಲಿ ಎಣಿಕೆಗೆ ಅಡ್ಡಗೆರೆ ‘ಸಿ’. ಕೊನೆಯಲ್ಲಿ ಬರುವ ‘ಲಾಸ್’ ಶೇಕಡಾವಾರನ್ನು ಗಮನಿಸಿ. ಕೇಬಲ್ ಮೂಲಕ ಪರೀಕ್ಷಿಸಿದಾಗ ನೂರಕ್ಕೆ ಒಂದೆರಡು ಕಳೆದರೂ ವಿಡಿಯೋ ಕರೆಯಲ್ಲಿ ಮಾತು ಮುರಿಯುತ್ತದೆ. ಐದು ದಾಟಿದರೆ ಕೆಲಸ ನಡೆಯುವುದು ಕಷ್ಟ.

ಮಿಲಿಸೆಕೆಂಡು ಎಷ್ಟಿರಬೇಕು ಎಂಬುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರುವ ಲೆಕ್ಕದಲ್ಲಿ 100 ಕಿಲೋಮೀಟರ್ ದೂರಕ್ಕೆ 1 ಮಿಲಿಸೆಕೆಂಡು. ಶಿರಸಿಯಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್, ಹಾಗಾಗಿ 4 ಮಿಲಿಸೆಕೆಂಡಿಗಿಂತ ಕಡಿಮೆ ಬರಲು ಸಾಧ್ಯವಿಲ್ಲ. ಕೇಬಲ್ ಸುತ್ತುಬಳಸಿ ಹೋಗುತ್ತದೆ, ನಡುವೆ ಯಂತ್ರಗಳಿವೆ. 10ರಿಂದ 25 ಬಂದರೆ ಒಳ್ಳೆಯ ಸಂಪರ್ಕ. ಅಮೆರಿಕದ ಸರ್ವರ್ ಆದರೆ 200 ದಾಟುವುದು ಸಹಜ, ಅದನ್ನು ಯಾವ ಕಂಪನಿಯೂ ತಿದ್ದಲಾರದು.

ಒಂದು ಎಚ್ಚರ. ಪಿಂಗ್‌ಗೆ ಉತ್ತರ ಬಾರದಿದ್ದರೆ ಆ ಜಾಲತಾಣ ಸತ್ತಿದೆ ಎಂದೇ ಅರ್ಥವಲ್ಲ. ಎಷ್ಟೋ ಬ್ಯಾಂಕು, ಸರಕಾರಿ ತಾಣಗಳು ಭದ್ರತೆಗಾಗಿ ಪಿಂಗ್ ಕೂಗಿಗೆ ಕಿವಿ ಮುಚ್ಚಿಕೊಂಡಿರುತ್ತವೆ. ಬ್ರೌಸರಿನಲ್ಲಿ ತೆರೆದುಕೊಂಡರೆ ಅವು ಬದುಕಿವೆ.

ಹಂತ 3: ಹೆಸರಿನಿಂದ ವಿಳಾಸ

ಎನ್‌ಎಸ್‌ಲುಕಪ್, ಎನ್-ಎಸ್-ಎಲ್-ಓ-ಓ-ಕೆ-ಯು-ಪಿ. ಇದಾದ ಮೇಲೆ ಜಾಗ ಬಿಟ್ಟು ತಾಣದ ಹೆಸರು. ಮೊದಲೆರಡು ಸಾಲು ಯಾವ ಡಿಎನ್‌ಎಸ್ ಸರ್ವರನ್ನು ಕೇಳಲಾಯಿತು ಎಂದು ಹೇಳುತ್ತವೆ, ಕೆಳಗಿನವು ಸಿಕ್ಕ ವಿಳಾಸ. ‘ನಾನ್ ಅಥಾರಿಟೇಟಿವ್’ ಎಂದು ಕಂಡರೆ ಚಿಂತೆ ಬೇಡ. ಮೂಲ ದಾಖಲೆ ಇಟ್ಟ ಸರ್ವರೇ ಹೇಳಿದ್ದಲ್ಲ, ನಡುವಿನ ಸರ್ವರ್ ಕೇಳಿ ತಿಳಿದೋ ನೆನಪಿನಿಂದಲೋ ಹೇಳಿದೆ ಅಷ್ಟೆ.

ಈಗ ಅದೇ ಆಜ್ಞೆಯ ಕೊನೆಗೆ ಜಾಗ ಬಿಟ್ಟು 1.1.1.1 ಸೇರಿಸಿ. ಕಂಪನಿಯ ಸರ್ವರನ್ನು ಬಿಟ್ಟು ನೇರವಾಗಿ ಕ್ಲೌಡ್‌ಫ್ಲೇರನ್ನು ಕೇಳಿದಂತಾಯಿತು. ಮೊದಲನೆಯದು ಉತ್ತರಿಸದೆ ಎರಡನೆಯದು ಥಟ್ಟನೆ ಉತ್ತರಿಸಿದರೆ ಕಂಪನಿಯ ಡಿಎನ್‌ಎಸ್ ಮಲಗಿದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಅಂಕಿ ಬದಲಿಸಿದರೆ ಕೆಲಸ ಮುಂದುವರಿಯುತ್ತದೆ. ಬದಲಿಸಿದ ಮೇಲೆ ಐಪಿಕಾನ್ಫಿಗ್, ಜಾಗ, ಬಲಕ್ಕೆ ವಾಲಿದ ಗೆರೆ, ಫ್ಲಶ್‌ಡಿಎನ್‌ಎಸ್, ಅಂದರೆ ಎಫ್-ಎಲ್-ಯು-ಎಸ್-ಎಚ್-ಡಿ-ಎನ್-ಎಸ್ ಎಂದು ಕೊಟ್ಟು ಹಳೆ ನೆನಪನ್ನು ತೊಳೆಯಿರಿ.

‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲೇ ಮುಗಿಯುವ ತಾಣದ ಹೆಸರುಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಂಥ ಹೆಸರು ಈ ಉಪಕರಣಗಳಲ್ಲಿ ‘ಎಕ್ಸ್-ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ವಿಚಿತ್ರ ಅಕ್ಷರಮಾಲೆಯಾಗಿ ಕಾಣುತ್ತದೆ. ಒಳಗಿನ ವ್ಯವಸ್ಥೆಗೆ ಇಂಗ್ಲಿಷ್ ಅಕ್ಷರ ಮಾತ್ರ ರೂಢಿ, ಹಾಗಾಗಿ ನಮ್ಮ ಲಿಪಿಯನ್ನು ಅದಕ್ಕೆ ಒಗ್ಗಿಸಿ ಕಳಿಸುತ್ತಾರೆ. ಇಡೀ ವಿಳಾಸವನ್ನು ಕನ್ನಡದಲ್ಲಿ ಬರೆಯುವುದು ನಮ್ಮ ಮಕ್ಕಳಿಗಾದರೂ ಸಹಜವಾಗಲಿ ಎಂದು ನನಗೆ ಆಸೆ.

ಹಂತ 4: ದಾರಿ ಹಿಡಿದು ಹೋಗುವುದು

ಇಲ್ಲಿಗೆ ಬಂದಾಗಲೇ ನಿಜವಾಗಿ ಪೈಪಿನ ಗುಂಟ ಗುಡ್ಡ ಹತ್ತುವುದು. ಆಜ್ಞೆ ಟ್ರೇಸರ್ಟ್, ಟಿ-ಆರ್-ಎ-ಸಿ-ಇ-ಆರ್-ಟಿ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಪೂರ್ತಿ ಹೆಸರು ಟ್ರೇಸ್‌ರೂಟ್. 1987ರಲ್ಲಿ ವಾನ್ ಜೇಕಬ್ಸನ್ ಇದನ್ನು ಬರೆದರು. ಇದರ ಹಿಂದಿನ ಉಪಾಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ನೆಟ್ಟಿನಲ್ಲಿ ಹೋಗುವ ಪ್ರತಿ ಪೊಟ್ಟಣದ ಮೇಲೆ ‘ಟಿಟಿಎಲ್’ ಎಂಬ ಅಂಕಿ ಇರುತ್ತದೆ. ದಾರಿಯ ಪ್ರತಿ ರೂಟರ್, ಅಂದರೆ ಪೊಟ್ಟಣವನ್ನು ಮುಂದಕ್ಕೆ ದಾಟಿಸುವ ಯಂತ್ರ, ಅದರಿಂದ ಒಂದನ್ನು ಕಳೆಯುತ್ತದೆ. ಸೊನ್ನೆಯಾದರೆ ಪೊಟ್ಟಣವನ್ನು ಎಸೆದು, “ಇದು ನನ್ನಲ್ಲಿ ಸತ್ತಿತು” ಎಂದು ಕಳಿಸಿದವರಿಗೆ ಚೀಟಿ ಬರೆಯುತ್ತದೆ. ದಾರಿ ತಪ್ಪಿದ ಪೊಟ್ಟಣಗಳು ಅನಂತಕಾಲ ಸುತ್ತಬಾರದೆಂದು ಮಾಡಿದ ವ್ಯವಸ್ಥೆ ಇದು. ಟ್ರೇಸ್‌ರೂಟ್ ಇದನ್ನೇ ಬೇರೆ ಕೆಲಸಕ್ಕೆ ಬಳಸಿಕೊಂಡಿತು.

ಬಸ್ಸಿನ ಸ್ಟೇಜ್ ಲೆಕ್ಕದಲ್ಲಿ ನೋಡಿ. ಕಾರವಾರದಿಂದ ಹುಬ್ಬಳ್ಳಿಗೆ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆಂದು ನಿಮಗೆ ತಿಳಿಯಬೇಕು, ಬಸ್ಸಿನವರು ಹೇಳುವುದಿಲ್ಲ. ಒಬ್ಬ ಹುಡುಗನಿಗೆ ಒಂದೇ ನಿಲ್ದಾಣದ ಟಿಕೆಟ್ ತೆಗೆಸಿ ಕೂರಿಸುತ್ತೀರಿ. ಇಳಿಸಿದಲ್ಲಿಂದ ಫೋನ್ ಮಾಡುತ್ತಾನೆ: “ಅಂಕೋಲೆಯಲ್ಲಿದ್ದೇನೆ.” ಇನ್ನೊಬ್ಬನಿಗೆ ಎರಡು ನಿಲ್ದಾಣದ ಟಿಕೆಟ್. ಅವನ ಫೋನು ಯಲ್ಲಾಪುರದಿಂದ. ಮೂರನೆಯವನದು ಕಲಘಟಗಿಯಿಂದ. ನಾಲ್ಕನೆಯವನು ಹುಬ್ಬಳ್ಳಿ ತಲುಪುತ್ತಾನೆ. ದಾರಿ ಪೂರ್ತಿ ನಿಮ್ಮ ಕೈಯಲ್ಲಿದೆ. ಟ್ರೇಸ್‌ರೂಟ್ ಟಿಟಿಎಲ್ 1, 2, 3 ಎಂದು ಏರಿಸುತ್ತ ಇದನ್ನೇ ಮಾಡುತ್ತದೆ, ಪ್ರತಿ ನಿಲ್ದಾಣಕ್ಕೆ ಮೂರು ಮೂರು ಪೊಟ್ಟಣ ಕಳಿಸಿ. ಮಾಮೂಲಾಗಿ 30 ನಿಲ್ದಾಣದವರೆಗೆ ಪ್ರಯತ್ನಿಸುತ್ತದೆ.

ಟ್ರೇಸರ್ಟ್, ಜಾಗ, ಅಡ್ಡಗೆರೆ ‘ಡಿ’, ಜಾಗ, 8.8.8.8 ಎಂದು ಕೊಡಿ. ಅಡ್ಡಗೆರೆ ‘ಡಿ’ ಹಾಕಿದರೆ ಹೆಸರು ಹುಡುಕುತ್ತ ತಡಮಾಡುವುದಿಲ್ಲ. ಬರುವ ಪಟ್ಟಿ ಹೆಚ್ಚು ಕಡಿಮೆ ಹೀಗಿರುತ್ತದೆ. ಮೂರು ಅಂಕಿಗಳಲ್ಲಿ ಒಂದನ್ನೇ ಕೊಟ್ಟಿದ್ದೇನೆ. ಕಂಪನಿಯ ನಿಜವಾದ ವಿಳಾಸದ ಬದಲು, ಉದಾಹರಣೆಗೆಂದೇ ಮೀಸಲಿಟ್ಟ 203.0.113 ಸಾಲಿನ ಅಂಕಿಗಳನ್ನು ಹಾಕಿದ್ದೇನೆ.

1 – 2 ಮಿ.ಸೆ. – 192.168.1.1
2 – 5 ಮಿ.ಸೆ. – 100.72.0.1
3 – 6 ಮಿ.ಸೆ. – 10.24.8.5
4 – * * *
5 – 14 ಮಿ.ಸೆ. – 203.0.113.9
6 – 58 ಮಿ.ಸೆ. – 203.0.113.40
7 – 15 ಮಿ.ಸೆ. – 8.8.8.8

ಇದನ್ನು ತೋರಿಸಿದರೆ ಹತ್ತರಲ್ಲಿ ಒಂಬತ್ತು ಜನ ನಾಲ್ಕನೆಯ ಸಾಲಿಗೋ ಆರನೆಯದಕ್ಕೋ ಬೆರಳಿಡುತ್ತಾರೆ. ಎರಡೂ ತಪ್ಪು. ಈ ಸಂಪರ್ಕ ಆರೋಗ್ಯವಾಗಿದೆ.

ನಾಲ್ಕರಲ್ಲಿ ನಕ್ಷತ್ರ ಬಂದದ್ದು ಆ ರೂಟರ್ ಚೀಟಿ ಬರೆಯಲಿಲ್ಲ ಎಂಬ ಕಾರಣಕ್ಕೆ. ಪೊಟ್ಟಣ ಅಲ್ಲಿ ನಿಂತಿದ್ದರೆ ಐದು, ಆರು, ಏಳು ಬರುತ್ತಲೇ ಇರಲಿಲ್ಲ. ಆರರಲ್ಲಿ 58 ಬಂದದ್ದು ಆ ಯಂತ್ರ ಚೀಟಿ ಬರೆಯುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಂಡಿದೆ ಎಂಬ ಕಾರಣಕ್ಕೆ. ಪೊಟ್ಟಣ ದಾಟಿಸುವ ಕೆಲಸ ಚುರುಕಾಗಿಯೇ ನಡೆದಿದೆ, ಇಲ್ಲದಿದ್ದರೆ ಏಳನೆಯ ಸಾಲು 15 ಆಗುತ್ತಿರಲಿಲ್ಲ. ನಿಯಮ ಒಂದೇ: ಒಂದು ನಿಲ್ದಾಣದಲ್ಲಿ ಶುರುವಾದ ತಡ ಅಥವಾ ನಷ್ಟ ಕೊನೆಯ ಸಾಲಿನವರೆಗೂ ಮುಂದುವರಿದರೆ ಮಾತ್ರ ಅದು ರೋಗ. ಎರಡರಲ್ಲಿ 5 ಇದ್ದದ್ದು 90ಕ್ಕೆ ಹಾರಿ, ಮುಂದೆಲ್ಲ 95, 98, 102 ಎಂದೇ ಇದ್ದರೆ ರೋಗ ಒಂದು ಮತ್ತು ಎರಡರ ನಡುವೆ. ಎಂಟನೆಯದರಿಂದ 30ರವರೆಗೆ ನಕ್ಷತ್ರವೇ ಆದರೆ ಪೊಟ್ಟಣ ಏಳರಾಚೆ ಹೋಗಿಲ್ಲದಿರಬಹುದು. ಅಥವಾ ಗುರಿಯೇ ಕಿವಿ ಮುಚ್ಚಿಕೊಂಡಿರಬಹುದು. ಆಗ ಬೇರೆ ಗುರಿ ಕೊಟ್ಟು ತಾಳೆ ನೋಡಬೇಕು.

ಎರಡನೆಯ ಸಾಲಿನ 100.72 ಕಂಡಿರಾ? 100.64ರಿಂದ 100.127ರವರೆಗಿನ ವಿಳಾಸಗಳನ್ನು ಕಂಪನಿಗಳ ಒಳಬಳಕೆಗೆಂದು 2012ರಲ್ಲಿ ಮೀಸಲಿಟ್ಟರು. ನಿಮ್ಮ ಮನೆಯೂ ಇನ್ನೆಷ್ಟೋ ಮನೆಗಳೂ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇದ್ದೀರಿ ಎಂಬ ಸುಳಿವು ಅದು. ಮನೆಯ ಸಿಸಿಟಿವಿ ಹೊರಗಿನಿಂದ ನೇರವಾಗಿ ತೆರೆದುಕೊಳ್ಳದಿದ್ದರೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ.

ಅಡ್ಡಗೆರೆ ‘ಡಿ’ ಬಿಟ್ಟು ನಡೆಸಿದರೆ ಕೆಲವು ನಿಲ್ದಾಣಗಳ ಹೆಸರೂ ಬರುತ್ತದೆ. ಅದರಲ್ಲಿ ವಿಮಾನ ನಿಲ್ದಾಣಗಳ ಮೂರಕ್ಷರದ ಸಂಕೇತ ಅಡಗಿರುವುದುಂಟು: ‘ಬಿ-ಎಲ್-ಆರ್’ ಬೆಂಗಳೂರು, ‘ಬಿ-ಓ-ಎಂ’ ಮುಂಬೈ, ‘ಎಂ-ಎ-ಎ’ ಚೆನ್ನೈ. ಶಿರಸಿಯಿಂದ ಬೆಂಗಳೂರಿನ ತಾಣಕ್ಕೆ ಹೊರಟ ಪೊಟ್ಟಣ ಮುಂಬೈ ಸುತ್ತಿ ಹೋಗುವುದನ್ನು ನಾನು ಕಂಡಿದ್ದೇನೆ. ನೆಟ್ಟಿಗೆ ನಕ್ಷೆಯ ದೂರ ಮುಖ್ಯವಲ್ಲ, ಎರಡು ಕಂಪನಿಗಳು ಎಲ್ಲಿ ಕೈಜೋಡಿಸಿವೆ ಎಂಬುದು ಮುಖ್ಯ. ಭಾರತದ ಕಂಪನಿಗಳು ದೇಶದೊಳಗೇ ಕೈಜೋಡಿಸಲಿ ಎಂದು 2003ರಲ್ಲಿ ನಿಕ್ಸಿ ಎಂಬ ಸಂಸ್ಥೆ ಹುಟ್ಟಿತು. ಇನ್ನೊಂದು ವಿಷಯ ನೆನಪಿರಲಿ. ಟ್ರೇಸ್‌ರೂಟ್ ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಬರುವ ದಾರಿ ಬೇರೆಯೇ ಇರಬಹುದು, ತಡ ಅಲ್ಲೂ ಆಗಿರಬಹುದು.

ವಿಂಡೋಸ್‌ನ ಟ್ರೇಸರ್ಟ್ ಪಿಂಗ್ ಮಾದರಿಯ ಪೊಟ್ಟಣ ಕಳಿಸುತ್ತದೆ. ಲಿನಕ್ಸ್‌ನದು ಮಾಮೂಲಾಗಿ ಯುಡಿಪಿ ಎಂಬ ಬೇರೆ ಮಾದರಿಯ ಪೊಟ್ಟಣ. ಹೀಗಾಗಿ ಎರಡರಲ್ಲಿ ನಕ್ಷತ್ರಗಳು ಬೇರೆ ಬೇರೆ ಸಾಲಿನಲ್ಲಿ ಬರುವುದುಂಟು. ದೀರ್ಘ ಪರೀಕ್ಷೆಗೆ ವಿಂಡೋಸ್‌ನಲ್ಲಿ ಪಾಥ್‌ಪಿಂಗ್ ಇದೆ. ಐದಾರು ನಿಮಿಷ ಹಿಡಿಯುತ್ತದೆ, ಆದರೆ ಪ್ರತಿ ನಿಲ್ದಾಣದ ನಷ್ಟದ ಶೇಕಡಾವಾರು ಕೊಡುತ್ತದೆ. ಲಿನಕ್ಸ್‌ನ ಎಂಟಿಆರ್ ಇದಕ್ಕಿಂತ ಚೆಂದ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಆ್ಯಪ್ ಹಾಕಿಕೊಂಡರೆ ಈ ಆಜ್ಞೆಗಳನ್ನು ಅಲ್ಲೂ ನಡೆಸಬಹುದು.

ಹಂತ 5: ಈ ವಿಳಾಸ ಯಾರದು?

ಹೂಈಸ್ ಎಂದರೆ ‘ಯಾರು’ ಎಂಬ ಪ್ರಶ್ನೆಯೇ. ಅಕ್ಷರಗಳು ಡಬ್ಲ್ಯು-ಎಚ್-ಓ-ಐ-ಎಸ್. ಇದು ವಿಂಡೋಸ್‌ನೊಳಗೆ ಇಲ್ಲ. ಬ್ರೌಸರಿನಲ್ಲಿ ನೋಡುವುದೇ ಸುಲಭ. ಜಗತ್ತಿನ ವಿಳಾಸಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಹಂಚುತ್ತವೆ. ನಮ್ಮದು ಏಷ್ಯಾ ಪೆಸಿಫಿಕ್‌ನ ಎಪಿನಿಕ್, ಅದರಡಿ ಭಾರತಕ್ಕೆ ನಿಕ್ಸಿ ನಡೆಸುವ ಐರಿನ್. ಎಪಿನಿಕ್ ತಾಣದ ಹೂಈಸ್ ಪೆಟ್ಟಿಗೆಯಲ್ಲಿ ಅಂಕಿ ಹಾಕಿದರೆ ಆ ವಿಳಾಸದ ಸಾಲು ಯಾವ ಸಂಸ್ಥೆಗೆ ಸೇರಿದ್ದು, ಯಾವ ದೇಶ, ದುರುಪಯೋಗವಾದರೆ ಯಾರಿಗೆ ಬರೆಯಬೇಕು ಎಂಬುದು ಬರುತ್ತದೆ. ‘ಎ-ಎಸ್’ ಎಂದು ಶುರುವಾಗುವ ಸಂಖ್ಯೆ ಕಂಡರೆ ಅದು ಜಾಲದ ಗುರುತಿನ ಸಂಖ್ಯೆ. ಗೂಗಲ್‌ದು 15169, ಬಿಎಸ್‌ಎನ್‌ಎಲ್‌ದು 9829. ಟ್ರೇಸ್‌ರೂಟಿನ ಪಟ್ಟಿಯಲ್ಲಿ ನಿಮ್ಮ ಕಂಪನಿಯ ಜಾಲ ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಎಂದು ಇದರಿಂದ ಗೊತ್ತಾಗುತ್ತದೆ.

ತಾಣದ ಹೆಸರನ್ನು ವಿಚಾರಿಸುವ ಹೂಈಸ್ ಬೇರೆ. ಮನೆಮಂದಿಗೆಲ್ಲ ಕಲಿಸಬೇಕಾದದ್ದು ಅದೇ ಎಂದು ನನ್ನ ಅಭಿಪ್ರಾಯ. ಡಾಟ್ ಕಾಮ್ ಥರದ ಹೆಸರುಗಳಿಗೆ 2025ರ ಜನವರಿ 28ರಿಂದ ಹಳೆ ಹೂಈಸ್ ಸೇವೆಯ ಕಡ್ಡಾಯ ಮುಗಿದು, ಆರ್‌ಡ್ಯಾಪ್ ಎಂಬ ಹೊಸ ಪದ್ಧತಿ ಅದರ ಜಾಗಕ್ಕೆ ಬಂದಿದೆ. ತಾಣದ ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಹೆಸರು ಹಾಕಿದರೆ ಸಾಕು. ಮಾಲೀಕರ ಹೆಸರು ಈಗ ಸಾಮಾನ್ಯವಾಗಿ ಮುಚ್ಚಿರುತ್ತದೆ. ನೋಡಬೇಕಾದದ್ದು ‘ಕ್ರಿಯೇಟೆಡ್’ ದಿನಾಂಕ. “ವಿದ್ಯುತ್ ಬಿಲ್ ಬಾಕಿ ಇದೆ, ಇಂದು ರಾತ್ರಿ ಸಂಪರ್ಕ ಕಡಿತ” ಎಂಬ ಸಂದೇಶದ ಲಿಂಕು ಒಂಬತ್ತು ದಿನದ ಹಿಂದೆ ಹುಟ್ಟಿದ ಹೆಸರಾಗಿದ್ದರೆ ಇನ್ನೇನೂ ಯೋಚಿಸುವುದು ಬೇಡ. ಅಳಿಸಿ.

ಹೆಸರನ್ನು ಬಲದಿಂದ ಎಡಕ್ಕೆ ಓದಿ. ಶುರುವಿನ ‘ಎಚ್-ಟಿ-ಟಿ-ಪಿ-ಎಸ್’ ಜೊತೆಗಿನ ಎರಡು ಓರೆಗೆರೆ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗಿಂತ ಮುಂಚೆ ಏನಿದೆಯೋ ಅಲ್ಲಿಂದ ಹಿಂದಕ್ಕೆ. ‘ಗವ್ ಡಾಟ್ ಇನ್’ ಎಂದು ಮುಗಿಯುವುದು ಸರಕಾರಕ್ಕೆ ಮಾತ್ರ ಸಿಗುತ್ತದೆ. ಹೆಸರಿನ ನಡುವೆ ‘ಗವ್’ ತುರುಕಿ ಕೊನೆಗೆ ಬೇರೇನೋ ಇಟ್ಟರೆ ಅದು ಮೋಸ. ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನಿಮ್ಮ ಬ್ಯಾಂಕಿನ ಹೆಸರು ಹೇಗೆ ಮುಗಿಯುತ್ತದೆಂದು ಒಮ್ಮೆ ನೋಡಿಟ್ಟುಕೊಳ್ಳಿ.

ವಿಳಾಸ ಏನನ್ನು ಹೇಳುವುದಿಲ್ಲ

ಅಂಗಡಿಯವರೊಬ್ಬರು ಒಂದು ಐಪಿ ಅಂಕಿ ಕಳಿಸಿ, “ಇವನ ಮನೆ ಎಲ್ಲಿ ನೋಡಿ ಹೇಳಿ ತಮ್ಮಾ, ಹಣ ಹೊಡೆದಿದ್ದಾನೆ” ಎಂದಿದ್ದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಐಪಿ ವಿಳಾಸದಿಂದ ಮನೆ ಸಿಗುವುದಿಲ್ಲ. ‘ಐಪಿ ಲೊಕೇಶನ್’ ತಾಣಗಳು ನಕ್ಷೆಯ ಮೇಲೆ ಚುಚ್ಚುವ ಗುರುತು ಬರೀ ಅಂದಾಜು. ಶಿರಸಿಯಲ್ಲಿ ಕೂತ ನನ್ನನ್ನು ಅವು ಒಂದು ದಿನ ಬೆಂಗಳೂರು, ಇನ್ನೊಂದು ದಿನ ಮುಂಬೈ ಎಂದಿವೆ. ಮೇಲೆ ಹೇಳಿದಂತೆ ಒಂದೇ ವಿಳಾಸದ ಹಿಂದೆ ಎಷ್ಟೋ ಮನೆಗಳಿರುತ್ತವೆ. ಆ ಗುರುತು ನೋಡಿಕೊಂಡು ಯಾರದೋ ಮನೆ ಬಾಗಿಲು ತಟ್ಟಿದರೆ ಏನೂ ತಿಳಿಯದವರಿಗೆ ಅನ್ಯಾಯವಾಗುತ್ತದೆ.

ಯಾವ ಕ್ಷಣದಲ್ಲಿ ಆ ವಿಳಾಸ ಯಾವ ಗ್ರಾಹಕರ ಕೈಯಲ್ಲಿತ್ತು ಎಂಬ ದಾಖಲೆ ಸೇವಾ ಕಂಪನಿಯ ಬಳಿ ಮಾತ್ರ ಇರುತ್ತದೆ. ಕಾನೂನಿನ ದಾರಿಯಲ್ಲಿ ಪೊಲೀಸರು ಕೇಳಿದರೆ ಕೊಡುತ್ತಾರೆ. ಕೇಂದ್ರ ಸರಕಾರದ ಸೈಬರ್ ಭದ್ರತೆಯ ಸರ್ಟ್ ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವ್ಯವಸ್ಥೆಗಳ ಲಾಗ್‌ಗಳನ್ನು (ನಡೆದದ್ದರ ದಾಖಲೆಗಳನ್ನು) 180 ದಿನ ಇಟ್ಟಿರಬೇಕು. ಹಾಗಾಗಿ ತಡಮಾಡಬೇಡಿ. ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರಿನಲ್ಲಿ ಐಪಿ ವಿಳಾಸದ ಜೊತೆ ದಿನಾಂಕ, ಸೆಕೆಂಡಿನವರೆಗಿನ ಸಮಯ, ಇದ್ದರೆ ಪೋರ್ಟ್ ಸಂಖ್ಯೆ (ಒಂದೇ ವಿಳಾಸದ ಹಿಂದಿನ ಸಂಪರ್ಕಗಳನ್ನು ಬೇರೆ ಮಾಡಿ ತೋರಿಸುವ ಅಂಕಿ) ಬರೆಯಿರಿ. ಸಮಯವಿಲ್ಲದ ಐಪಿ ವಿಳಾಸ, ನಂಬರ್ ಪ್ಲೇಟ್ ದಿನಕ್ಕೊಮ್ಮೆ ಬದಲಾಗುವ ಗಾಡಿಯ ನಂಬರಿದ್ದಂತೆ.

ಹಂತ 6: ಕಂಪನಿಗೆ ಬರೆಯುವುದು

ಹಿಂದಿನ ಮಳೆಗಾಲದಲ್ಲಿ ನನ್ನ ಮನೆಯಲ್ಲಿ ಗಾಳಿ ಬೀಸಿದಾಗಲೆಲ್ಲ ಕರೆ ಕಡಿಯುತ್ತಿತ್ತು. ಫೋನ್ ಮಾಡಿದಷ್ಟು ಸಲವೂ ರೀಸ್ಟಾರ್ಟ್ ಮಾಡಿ ಎಂದೇ ಉತ್ತರ. ಮೂರು ಸಂಜೆ ಪರೀಕ್ಷೆ ಮಾಡಿ ಫೈಲಿನಲ್ಲಿ ಉಳಿಸಿದೆ. ಅದು ಸುಲಭ. ಆಜ್ಞೆಯ ಕೊನೆಗೆ ಜಾಗ ಬಿಟ್ಟು ಬಲಕ್ಕೆ ತುದಿ ಚೂಪಾದ ಬಾಣದ ಚಿಹ್ನೆ (>), ಮತ್ತೆ ಜಾಗ, ಒಂದು ಹೆಸರು, ಡಾಟ್ ಟಿ-ಎಕ್ಸ್-ಟಿ. ಪರದೆಯ ಮೇಲೆ ಏನೂ ಕಾಣುವುದಿಲ್ಲ, ಎಲ್ಲವೂ ಫೈಲಿಗೆ ಹೋಗುತ್ತದೆ. ಬ್ರೌಸರಿನಲ್ಲಿ ಗೇಟ್‌ವೇ ಅಂಕಿ ಹೊಡೆದರೆ ತೆರೆಯುವ ಮೋಡೆಮ್ ಪುಟದಲ್ಲಿ ‘ಆರ್‌ಎಕ್ಸ್ ಪವರ್’ ಎಂಬ ಅಂಕಿಯನ್ನೂ ನೋಡಿದೆ. ಮನೆಗೆ ಬಂದ ಬೆಳಕಿನ ಬಲ ಅದು. ಸಾಮಾನ್ಯವಾಗಿ ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚೆನ್ನ. ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ತೂಗಾಡುತ್ತದೆ.

ಬರೆದದ್ದು ಇಷ್ಟು:

“ಸಂಜೆ 6ರಿಂದ 8ರವರೆಗೆ, ಮೂರು ದಿನ, ಮೋಡೆಮ್‌ಗೆ ನೇರ ಕೇಬಲ್ ಹಾಕಿ ಪರೀಕ್ಷಿಸಿದ್ದೇನೆ. ಮೋಡೆಮ್‌ವರೆಗೆ ನಷ್ಟ 0. ಎರಡನೆಯ ನಿಲ್ದಾಣದಿಂದ ಕೊನೆಯವರೆಗೆ ಶೇ. 11. ಆರ್‌ಎಕ್ಸ್ ಪವರ್ ಗಾಳಿಯಿಲ್ಲದಾಗ ಮೈನಸ್ 22, ಗಾಳಿ ಇದ್ದಾಗ ಮೈನಸ್ 28. ಮೋಡೆಮ್ ಮತ್ತು ನಿಮ್ಮ ಮೊದಲ ಯಂತ್ರದ ನಡುವಿನ ಎಳೆಯನ್ನು ಪರಿಶೀಲಿಸಿ. ಫೈಲುಗಳನ್ನು ಲಗತ್ತಿಸಿದ್ದೇನೆ.”

ದೂರಿನ ಡಾಕೆಟ್ ಸಂಖ್ಯೆ ತಪ್ಪದೆ ತೆಗೆದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆಯೇ ಆಧಾರ.

ಮಾರನೆಯ ದಿನ ಲೈನಿನವರು ಬಂದರು. ಮೋಡೆಮನ್ನು ಮುಟ್ಟಲೂ ಇಲ್ಲ, ನೇರ ತೋಟಕ್ಕೆ ಇಳಿದರು. ಮೂರನೆಯ ಕಂಬದ ಬಳಿ ಅಡಿಕೆ ಸೋಗೆಯೊಂದು ಕೇಬಲ್ ಮೇಲೆ ಬಿದ್ದು, ಎಳೆ ಚೂಪಾಗಿ ಮಡಚಿಕೊಂಡಿತ್ತು. ಗಾಳಿಗೆ ಸೋಗೆ ತೂಗಿದಾಗೆಲ್ಲ ಮಡಿಕೆ ಇನ್ನಷ್ಟು ಬಿಗಿಯುತ್ತಿತ್ತು, ಬೆಳಕು ಸೋರುತ್ತಿತ್ತು. ಸೋಗೆ ತೆಗೆದು ಎರಡು ಮೀಟರ್ ಹೊಸ ಎಳೆ ಬೆಸೆದರು. ಆ ಸಂಜೆ ಮತ್ತೆ ನೂರು ಪಿಂಗ್ ಕಳಿಸಿದೆ. ನೂರೂ ಮರಳಿ ಬಂದವು.